ರೆಂಡರ್‌ಗೆ ಇಟ್ಟರೆ ಪಿಸಿ ಪಟ್ ಅಂತ ಆಫ್: ಪ್ರೊಸೆಸರ್ ಬಿಸಿಯಾ, ಬೇರೆ ಎಂಥದ್ದಾ?

ಬದಿಯಡ್ಕ ಸ್ಟುಡಿಯೋ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ಸಣ್ಣ ಸ್ಟುಡಿಯೋ ನಡೆಸುತ್ತೇನೆ. ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಕೆಲಸ. ಪಿಸಿ 2021ರಲ್ಲಿ ತೆಗೆದದ್ದು, ಪ್ರೊಸೆಸರ್ ಇಂಟೆಲ್ ಐ5-10400, 16 ಜಿಬಿ ರ‍್ಯಾಮ್, ಪ್ರೊಸೆಸರ್ ಡಬ್ಬಿಯಲ್ಲೇ ಬಂದ ಕೂಲರ್. ಎರಡು ವಾರದಿಂದ ತಲೆನೋವು ಶುರುವಾಗಿದೆ. ಮೊದಲು ಒಂದು ಗಂಟೆಯ ವಿಡಿಯೋ ರೆಂಡರ್ (ಎಡಿಟ್ ಮಾಡಿದ್ದೆಲ್ಲ ಸೇರಿ ಒಂದು ವಿಡಿಯೋ ಫೈಲ್) ಆಗಲು 50 ನಿಮಿಷ ಸಾಕಿತ್ತು, ಈಗ ಎರಡೂವರೆ ಗಂಟೆ ಬೇಕು. ಅದೂ ಮುಗಿದರೆ! ಕೆಲವು ದಿನ ಸಂಜೆ ಮಧ್ಯದಲ್ಲೇ ಪಟ್ ಅಂತ ಆಫ್ ಆಗುತ್ತದೆ, ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ಏನೂ ಇಲ್ಲ.

ನಿನ್ನೆ ಒಂದು ಅಂಗಡಿಗೆ ತೋರಿಸಿದೆ. ಕ್ಯಾಬಿನೆಟ್ ಬಾಗಿಲು ಕೂಡ ತೆಗೆಯಲಿಲ್ಲ, ಸುಮ್ನೆ ಮುಟ್ಟಿ ನೋಡಿ "ಮದರ್‌ಬೋರ್ಡ್ ಹೋಗಿದೆ, ಪ್ರೊಸೆಸರ್ ಸಹ ಬಿಸಿಗೆ ಹಾಳಾಗಿರಬಹುದು, 14 ಸಾವಿರ ಇಟ್ಟುಕೊಳ್ಳಿ" ಎಂದರು. ಈ ಸೀಸನ್‌ನಲ್ಲಿ ನಾಲ್ಕು ಮದುವೆಯ ಆಲ್ಬಮ್ ಬಾಕಿ ಉಂಟು. ಖರ್ಚು ಮಾಡುವ ಮೊದಲು ಒಮ್ಮೆ ಇಲ್ಲಿ ಕೇಳುವ ಎಂದು ಬಂದೆ.

ಉಪ್ಪಳ ಗೇಮರ್ · 9:52

ಅಣ್ಣ, ಲಿಕ್ವಿಡ್ ಕೂಲರ್ ಹಾಕಿ. ಎಲ್ಲಾ ಸರಿಯಾಗುತ್ತದೆ.

ಕುಂಬಳೆ ರಿಪೇರಿ · 10:05

ಲಿಕ್ವಿಡ್ ಕೂಲರ್ ಹಾಕಲು ಹೇಳಿದವರು ದುಡ್ಡು ಕಳಿಸಿ ಮಾರಾಯ್ರೆ. ಅದು 65 ವಾಟಿನ ಪ್ರೊಸೆಸರ್. ಡಬ್ಬಿಯಲ್ಲಿ ಬಂದ ಕೂಲರೇ ಅದಕ್ಕೆ ಸಾಕು, ಅದು ಸರಿಯಾಗಿ ಕೂತಿದ್ದರೆ.

ಸ್ಟುಡಿಯೋ ಅಣ್ಣ, ಎರಡು ತೊಂದರೆ ಹೇಳಿದ್ದೀರಿ. ಒಂದು ನಿಧಾನ, ಇನ್ನೊಂದು ಆಫ್ ಆಗುವುದು. ಎರಡಕ್ಕೂ ಒಂದೇ ಕಾರಣ ಎಂದು ಈಗಲೇ ನಂಬಬೇಡಿ. ಇಂಟೆಲ್‌ನ ಈ ಪ್ರೊಸೆಸರಿಗೆ ಮಿತಿ 100 ಡಿಗ್ರಿ. ಅದಕ್ಕೆ ಮುಟ್ಟಿದ ಕೂಡಲೇ ಅದು ಸಾಯುವುದೂ ಇಲ್ಲ, ಆಫ್ ಆಗುವುದೂ ಇಲ್ಲ. ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ವೇಗ ಇಳಿಸಿಯೂ ಬಿಸಿ ಏರುತ್ತಲೇ ಹೋದರೆ ಮಾತ್ರ ಕೊನೆಗೆ ಕರೆಂಟು ಕಡಿಯುವುದು. ಹಾಗಾಗಿ ನಿಧಾನ ಆದದ್ದು ಬಿಸಿಯಿಂದ ಇರಬಹುದು. ಆಫ್ ಆಗುವುದರ ಬಗ್ಗೆ ನನಗೆ ಸಂಶಯ ಉಂಟು.

ಎಚ್‌ಡಬ್ಲ್ಯುಇನ್ಫೋ ಹಾಕಿಕೊಳ್ಳಿ, ಪಿಸಿಯ ಬಿಸಿ, ವೇಗ ಎಲ್ಲ ತೋರಿಸುವ ಸಾಫ್ಟ್‌ವೇರ್, ಉಚಿತ. ತೆರೆಯುವಾಗ "ಸೆನ್ಸಾರ್ಸ್ ಓನ್ಲಿ" ಟಿಕ್ ಮಾಡಿ. ರೆಂಡರ್ ಶುರು ಮಾಡಿ ಮೊದಲ ಒಂದು ನಿಮಿಷ ಕಣ್ಣು ಮಿಟುಕಿಸದೆ ನೋಡಿ. ಎಷ್ಟು ಡಿಗ್ರಿಗೆ ಹೋಯಿತು ಎನ್ನುವುದು ಮಾತ್ರ ಅಲ್ಲ, ಎಷ್ಟು ಬೇಗ ಹೋಯಿತು ಎಂದು ಹೇಳಿ. ನನಗೆ ಅದೇ ಬೇಕು.

ಮುಳ್ಳೇರಿಯ ಮಾಷ್ಟ್ರು · 10:31

ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಲು ಹೋಗಬೇಡಿ, ನಾನು ಹಾಗೆ ಒಂದು ಗಂಟೆ ಕಳೆದವನು. ವಿಂಡೋಸ್ 10ಕ್ಕೆ 2020ರ ಅಪ್‌ಡೇಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ತೋರಿಸಲು ಶುರು ಮಾಡಿದರು, ಪ್ರೊಸೆಸರಿನದ್ದು ಅಲ್ಲಿ ಕಾಣುವುದಿಲ್ಲ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗಿ ನೋಡಿದರೂ ಪ್ರಯೋಜನ ಇಲ್ಲ. ಅಲ್ಲಿ ರೆಂಡರ್ ನಡೆಯುತ್ತಾ ಇರುವುದಿಲ್ಲವಲ್ಲ, ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ.

ನಮ್ಮ ಶಾಲೆಯಲ್ಲಿ ಕೈಟ್‌ನ (ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಗ್ನು/ಲಿನಕ್ಸ್, ಉಬುಂಟು ಮೇಲೆ ಮಾಡಿದ್ದು. ಅಲ್ಲಿ ಎಲ್‌ಎಮ್-ಸೆನ್ಸಾರ್ಸ್ ಹಾಕಿ ಟರ್ಮಿನಲ್‌ನಲ್ಲಿ "ಸೆನ್ಸಾರ್ಸ್" ಎಂದು ಟೈಪ್ ಮಾಡಿದರೆ ಒಂದೊಂದು ಕೋರಿನ ಡಿಗ್ರಿಯೂ ಬರುತ್ತದೆ, ಪಕ್ಕದಲ್ಲಿ ಅದರ ಮಿತಿ ಸಹ. ಎಂಟನೇ ತರಗತಿಯ ಮಕ್ಕಳಿಗೆ ತೋರಿಸಿದ್ದೆ. ಈಗ ಕಂಪ್ಯೂಟರ್ ಸ್ವಲ್ಪ ನಿಧಾನ ಆದರೂ "ಸಾರ್ ಜ್ವರ ನೋಡುವನಾ" ಎಂದು ಓಡಿ ಬರುತ್ತಾರೆ.

ಬದಿಯಡ್ಕ ಸ್ಟುಡಿಯೋ · ಮಂಗಳವಾರ ಬೆಳಿಗ್ಗೆ 11:15

ನೋಡಿದೆ. ಸುಮ್ನೆ ಇರುವಾಗ 56. ರೆಂಡರ್ ಒತ್ತಿದ ಎರಡು ಮೂರು ಸೆಕೆಂಡಿಗೆ 99, 100. ಅಲ್ಲಿಂದ ಅಲ್ಲಾಡುವುದಿಲ್ಲ. ಥರ್ಮಲ್ ಥ್ರಾಟ್ಲಿಂಗ್ ಎಂಬಲ್ಲಿ ಕೆಂಪಿನಲ್ಲಿ "ಯೆಸ್" ಬಂತು. ವೇಗ 1.7 ಗಿಗಾಹರ್ಟ್ಸ್ ಹತ್ತಿರ. ಅರ್ಧ ಗಂಟೆ ಬಿಟ್ಟೆ, ಆಫ್ ಆಗಲಿಲ್ಲ. ಅಂಗಡಿ ಮೇಲಿನ ಮಹಡಿಯಲ್ಲಿ, ಶೀಟಿನ ಮಾಡು, ಸೆಕೆ ಹೇಳಿ ಸುಖವಿಲ್ಲ. ಕೋಣೆಯೇ ಬಿಸಿಯಾಗಿ ಹೀಗೆ ಆಗುವುದಾ?

ಕುಂಬಳೆ ರಿಪೇರಿ · 11:40

ಅಲ್ಲ. ಕೋಣೆಯ ಸೆಕೆ ಎಲ್ಲವನ್ನೂ ಒಂದೇ ಸಮ ಮೇಲೆ ಎತ್ತುತ್ತದೆ, ಅಷ್ಟೇ. ಕೋಣೆ 28 ಇದ್ದಾಗ ಪ್ರೊಸೆಸರ್ 68 ಇತ್ತು ಎಂದಾದರೆ ಕೋಣೆ 35 ಆದಾಗ ಅದು 75 ಆಸುಪಾಸು. ಫ್ಯಾನ್ ಬೀಸುವುದು ಕೋಣೆಯ ಗಾಳಿಯನ್ನೇ, ಅದಕ್ಕಿಂತ ತಂಪು ಮಾಡಲು ಅದಕ್ಕೆ ಸಾಧ್ಯವಿಲ್ಲ. ನಮಗಾದರೆ ಬೆವರು ಆರಿ ತಂಪಾಗುತ್ತದೆ, ಪ್ರೊಸೆಸರ್ ಬೆವರುವುದಿಲ್ಲ.

ಧೂಳು ತುಂಬಿದ್ದರೆ ಬಿಸಿ ಮೆಲ್ಲ ಏರುತ್ತದೆ. ಐದು ನಿಮಿಷ, ಹತ್ತು ನಿಮಿಷ, ಹಾಗೆ ಹತ್ತುತ್ತಾ ಹೋಗುತ್ತದೆ. ಯಾಕೆಂದರೆ ಕೂಲರಿನ ಲೋಹ ಮೊದಲು ಕಾಯಬೇಕು. ಎರಡೇ ಸೆಕೆಂಡಿಗೆ 100 ಎಂದರೆ ಬಿಸಿ ಕೂಲರಿಗೆ ದಾಟುತ್ತಲೇ ಇಲ್ಲ. ಒಂದೋ ಪ್ರೊಸೆಸರಿಗೂ ಕೂಲರಿಗೂ ಮಧ್ಯೆ ಬಿಸಿ ದಾಟಿಸಲು ಹಾಕುವ ಪೇಸ್ಟ್ ಒಣಗಿದೆ, ಇಲ್ಲವೇ ಕೂಲರ್ ಸರಿಯಾಗಿ ಒತ್ತಿ ಕೂತಿಲ್ಲ. ಒಂದು ವಿಷಯ ಕೇಳುತ್ತೇನೆ, ಇತ್ತೀಚೆಗೆ ಪಿಸಿಯನ್ನು ಎಲ್ಲಿಗಾದರೂ ಸಾಗಿಸಿದ್ದೀರಾ?

ಬದಿಯಡ್ಕ ಸ್ಟುಡಿಯೋ · 11:58

ಅಯ್ಯೋ ಹೌದು. ಅಂಗಡಿ ಬದಲಾಯಿಸುವಾಗ ರಿಕ್ಷಾದ ಹಿಂದಿನ ಸೀಟಿನಲ್ಲಿ ಇಟ್ಟು ತಂದದ್ದು. ಆ ರಸ್ತೆ ನಿಮಗೂ ಗೊತ್ತಲ್ಲ. ಅದಾಗಿ ಎರಡು ವಾರ ಸಮಾ ಆಯಿತು ನೋಡಿ!

ಕುಂಬಳೆ ರಿಪೇರಿ · 12:10

ಹಾಗಾದರೆ ಮುಗಿಯಿತು. ಬಾಗಿಲು ತೆಗೆದು ಕೂಲರಿನ ನಾಲ್ಕು ಮೂಲೆ ನೋಡಿ. ಕಪ್ಪು ಪಿನ್ನು, ಬಿಳಿ ಪ್ಲಾಸ್ಟಿಕ್ ಕಾಲು. ಒಂದಾದರೂ ಮೇಲೆ ಬಂದಿರುತ್ತದೆ. ಮೂರು ಮೂಲೆ ಗಟ್ಟಿ, ಒಂದು ಸಡಿಲ ಆದರೆ ಕೂಲರ್ ಓರೆಯಾಗಿ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಪ್ರೊಸೆಸರಿಗೆ ಗೊತ್ತಾಗುತ್ತದೆ.

ಬರೀ ಒತ್ತಿ ಬಿಡಬೇಡಿ. ಒಮ್ಮೆ ಎದ್ದ ಪೇಸ್ಟ್ ಮತ್ತೆ ಸರಿ ಕೂರುವುದಿಲ್ಲ. ಪಿನ್ನನ್ನು ಅದರ ತಲೆಯ ಮೇಲಿನ ಬಾಣದ ಕಡೆಗೆ ತಿರುಗಿಸಿ ಮೇಲೆ ಎಳೆದು ಕೂಲರ್ ತೆಗೆಯಿರಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಎರಡೂ ಕಡೆ ಒರೆಸಿ. ಹೊಸ ಪೇಸ್ಟ್ ಮಧ್ಯದಲ್ಲಿ ಸಣ್ಣ ಬಟಾಣಿಯಷ್ಟು ಸಾಕು. ದೋಸೆಗೆ ಬೆಣ್ಣೆ ಸವರಿದ ಹಾಗೆ ಮಾಡುವವರಿದ್ದಾರೆ, ಅದು ಬೇಡ. ಮತ್ತೆ ಪಿನ್ನುಗಳನ್ನು ಮೊದಲಿನ ಹಾಗೆ ತಿರುಗಿಸಿ, ಎದುರುಬದುರು ಮೂಲೆಗಳನ್ನು ಒಟ್ಟಿಗೆ ಒತ್ತಿ. ನಾಲ್ಕು ಸಲ "ಟಕ್" ಕೇಳಬೇಕು. ಆದರೆ ಮದರ್‌ಬೋರ್ಡಿನ ಹಿಂದಿನಿಂದಲೂ ನೋಡಿ, ಬಿಳಿ ಕಾಲು ಪೂರ್ತಿ ಹೊರಗೆ ಬಂದು ಅಗಲವಾಗಿದೆಯಾ ಎಂದು. ನಾನು ಟಕ್ ಶಬ್ದವನ್ನೊಂದೇ ನಂಬಿ ಎರಡು ಸಲ ಬೇಸ್ತು ಬಿದ್ದವನು.

ಪೆರ್ಲದ ತೋಟದಿಂದ · 12:34

ಪೇಸ್ಟ್ ಇಲ್ಲದಿದ್ದರೆ ಟೂತ್‌ಪೇಸ್ಟ್ ಆಗುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ?

ಕುಂಬಳೆ ರಿಪೇರಿ · 12:36

ಹಲ್ಲಿಗೆ ಆಗುತ್ತದೆ ಅಕ್ಕ.

ಹಳೇ ಅಥ್ಲಾನ್ · 12:50

ನಗಬೇಡಿ, ಟೂತ್‌ಪೇಸ್ಟ್ ಹಾಕಿದರೆ ಮೊದಲ ದಿನ ಸರಿಯೇ ಕಾಣುತ್ತದೆ, ಅದಕ್ಕೇ ಜನ ನಂಬುವುದು. ಅದರಲ್ಲಿ ಇರುವ ನೀರು ಆರಿದ ಮೇಲೆ ಸುಣ್ಣದ ಹಾಗೆ ಪುಡಿ ಆಗುತ್ತದೆ. ಆಮೇಲೆ ಏನೂ ಹಾಕದೆ ಇದ್ದಷ್ಟೇ ಗತಿ.

ನಾನು ಮಂಜೇಶ್ವರದವನು, ನನ್ನ ಹೆಸರು ನೋಡಿ ಪ್ರಾಯ ಅಂದಾಜು ಮಾಡಿ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು (ಕಂಪ್ಯೂಟರ್ ಭಾಗಗಳನ್ನು ಪರೀಕ್ಷಿಸುವ ವೆಬ್‌ಸೈಟ್) ಒಂದು ವಿಡಿಯೋ ಮಾಡಿದ್ದರು. ಕಂಪ್ಯೂಟರಿನಲ್ಲಿ ಆಟ ಓಡುತ್ತಿರುವಾಗಲೇ ಕೂಲರಿನ ಲೋಹದ ಭಾಗ, ಅಂದರೆ ಹೀಟ್‌ಸಿಂಕ್ ಕಿತ್ತು ತೆಗೆಯುವುದು. ಇಂಟೆಲ್‌ನ ಪೆಂಟಿಯಮ್ 4 ನಿಧಾನ ಆಯಿತು, ಆದರೆ ಆಟ ನಿಲ್ಲಲಿಲ್ಲ. ಎಎಮ್‌ಡಿಯ ಅಥ್ಲಾನ್ ಹೊಗೆ ಬಿಟ್ಟು ಸತ್ತಿತು. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಇಲ್ಲ, ನನ್ನ ಮನೆಯಲ್ಲಿದ್ದದ್ದು ಅಥ್ಲಾನೇ ಅಲ್ವಾ. ಈಗಿನ ಎಎಮ್‌ಡಿ ಹಾಗಲ್ಲ, ಅದೂ ತನ್ನಷ್ಟಕ್ಕೆ ವೇಗ ಇಳಿಸಿಕೊಳ್ಳುತ್ತದೆ. ಆದರೆ "ಬಿಸಿಯಾದರೆ ಪ್ರೊಸೆಸರ್ ಸುಟ್ಟು ಹೋಗುತ್ತದೆ" ಎನ್ನುವ ಹೆದರಿಕೆ ಆ ಕಾಲದ್ದು, ಅಂಗಡಿಯವರು ಇವತ್ತಿಗೂ ಅದನ್ನೇ ಮಾರುತ್ತಾ ಇದ್ದಾರೆ.

ಉಪ್ಪಳ ಗೇಮರ್ · 1:20

ನನ್ನದು ಎಎಮ್‌ಡಿಯ ರೈಜನ್ 7600ಎಕ್ಸ್ ಪ್ರೊಸೆಸರ್. ರೆಂಡರ್‌ನಲ್ಲಿ 95 ಮುಟ್ಟುತ್ತದೆ, ವೇಗ ಮಾತ್ರ ಬಿದ್ದದ್ದು ಕಾಣುವುದಿಲ್ಲ. ನನ್ನ ಕೂಲರ್ ಸಹ ಎದ್ದಿದೆಯಾ? ಹೆದರಿಸಬೇಡಿ ಪ್ಲೀಸ್.

ಕುಂಬಳೆ ರಿಪೇರಿ · 1:31

ಹೆದರಬೇಡಿ. ಆ 7000 ಸಾಲಿನ ರೈಜನ್ 2022ರಲ್ಲಿ ಬಂದಾಗಲೇ ಎಎಮ್‌ಡಿಯವರು ಹೇಳಿದ್ದರು, ಪೂರ್ತಿ ಕೆಲಸ ಕೊಟ್ಟಾಗ 95ಕ್ಕೆ ಹೋಗಿ ಅಲ್ಲೇ ನಿಲ್ಲುವಂತೆ ಮಾಡಿದ್ದೇವೆ ಎಂದು. ತಂಪು ಸಿಕ್ಕಿದಷ್ಟನ್ನೂ ಅದು ವೇಗಕ್ಕೆ ಬಳಸಿಕೊಳ್ಳುತ್ತದೆ. ಬೇಡ ಎಂದಾದರೆ ಬಯೋಸ್‌ನಲ್ಲಿ ಇಕೋ ಮೋಡ್ ಹಾಕಿ, ಸ್ವಲ್ಪ ವೇಗ ಹೋಗುತ್ತದೆ, ಬಿಸಿ ತುಂಬಾ ಇಳಿಯುತ್ತದೆ. ಸ್ಟುಡಿಯೋ ಅಣ್ಣನ 100 ಬೇರೆ, ನಿಮ್ಮ 95 ಬೇರೆ. ಅವರದ್ದು ವೇಗ ಕಳೆದುಕೊಂಡು 100.

ಹಳೆಯ ರೈಜನ್ ಇರುವವರಿಗೆ ಒಂದು ಮಾತು. ಎಎಮ್4 ಸಾಕೆಟ್‌ನಲ್ಲಿ (ಪ್ರೊಸೆಸರ್ ಕೂರುವ ಜಾಗ) ಪಿನ್ನು ಪ್ರೊಸೆಸರಿನ ಅಡಿಯಲ್ಲಿ ಇರುತ್ತದೆ. ಪೇಸ್ಟ್ ಒಣಗಿ ಅಂಟಿದ್ದಾಗ ಕೂಲರನ್ನು ನೇರ ಎಳೆದರೆ ಹಲಸಿನ ಸೊಳೆ ಬಂದ ಹಾಗೆ ಪ್ರೊಸೆಸರ್ ಸಹ ಕಿತ್ತು ಬರುತ್ತದೆ, ಪಿನ್ನು ಬಗ್ಗುತ್ತದೆ. ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಮೆಲ್ಲ ಆಚೆ ಈಚೆ ತಿರುಚಿ ಆಮೇಲೆ ಎತ್ತಿ.

ಪೆರ್ಲದ ತೋಟದಿಂದ · 3:05

ನನ್ನದೂ ಒಂದು ಕೇಸ್. ಮನೆಯಿಂದಲೇ ಕೆಲಸ, ಕಂಪನಿಯದ್ದಲ್ಲ, ನನ್ನದೇ ಲ್ಯಾಪ್‌ಟಾಪ್. ಮೀಟಿಂಗ್ ಶುರುವಾದರೆ ಫ್ಯಾನ್ ಗಿರಣಿಯ ಹಾಗೆ ಕೂಗುತ್ತದೆ, ಆಚೆಯವರು "ಮಳೆಯಾ?" ಎಂದು ಕೇಳುತ್ತಾರೆ. ಚಾವಡಿಯಲ್ಲಿ ಮಾವ ಅಡಿಕೆ ಸುಲಿಸುತ್ತಾರೆ, ನೆಟ್‌ವರ್ಕ್ ಸಿಗುವುದೂ ಅಲ್ಲೇ. ಕೆಲವೊಮ್ಮೆ ಹಾಸಿಗೆಯ ಮೇಲೆ ಇಟ್ಟೂ ಕೆಲಸ ಮಾಡುತ್ತೇನೆ. ಕೂಲಿಂಗ್ ಪ್ಯಾಡ್ ತೆಗೆದರೆ ಆದೀತಾ?

ಕುಂಬಳೆ ರಿಪೇರಿ · 3:30

ಅಡಿಕೆ ಸಿಪ್ಪೆಯ ನಾರು ನನಗೆ ಅನ್ನ ಹಾಕುತ್ತಿದೆ ಅಕ್ಕ, ಏನೂ ಹೇಳುವ ಹಾಗಿಲ್ಲ. ಫ್ಯಾನಿಗೂ ಗಾಳಿ ಹೊರಗೆ ಹೋಗುವ ಜಾಲರಿಗೂ ಮಧ್ಯೆ ಅದು ಕಂಬಳಿಯ ಹಾಗೆ ಕಟ್ಟುತ್ತದೆ. ಹೊರಗಿನಿಂದ ಊದಿದರೆ ಒಳಗೇ ಸರಿಯುತ್ತದೆ, ಅಡಿ ಬಿಚ್ಚಿಯೇ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಅತಿಯಾಗಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಕೂಲಿಂಗ್ ಪ್ಯಾಡ್ ಮೊದಲು ಬೇಡ. ಒಳಗೆ ಕಂಬಳಿ ಇದ್ದರೆ ಹೊರಗೆ ಎಷ್ಟು ಬೀಸಿದರೂ ಅಷ್ಟೇ. ಹಾಸಿಗೆಯ ಬದಲು ಅಡಿಗೆ ಒಂದು ಮಣೆ ಇಡಿ, ಅದು ಪುಕ್ಕಟೆ.

ಮತ್ತೊಂದು, ಅಡಿಭಾಗ ಉಬ್ಬಿದೆಯಾ, ಟಚ್‌ಪ್ಯಾಡ್ ಮೇಲೆ ಎದ್ದಿದೆಯಾ ನೋಡಿ. ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಒತ್ತಲೂ ಬೇಡ, ಚಾರ್ಜ್‌ಗೆ ಹಾಕಲೂ ಬೇಡ, ಮೊದಲು ಬ್ಯಾಟರಿ ಬದಲಾಯಿಸಿ.

ಮುಳ್ಳೇರಿಯ ಮಾಷ್ಟ್ರು · 4:45

ಅಕ್ಕನಿಗೆ ತಾತ್ಕಾಲಿಕ ಉಪಾಯ ಒಂದು. ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" ಎಂದು ಇರುತ್ತದೆ. 100 ಇದ್ದದ್ದನ್ನು 99 ಮಾಡಿ. ಒಂದು ಶೇಕಡಾ ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ನಾನೂ ನಕ್ಕಿದ್ದೆ, ಆದರೆ 99ಕ್ಕೆ ಇಟ್ಟರೆ ಟರ್ಬೋ, ಅಂದರೆ ಪ್ರೊಸೆಸರ್ ತಾನಾಗಿ ಏರಿಸಿಕೊಳ್ಳುವ ಹೆಚ್ಚಿನ ವೇಗ, ಪೂರ್ತಿ ಬಂದ್. ಮೀಟಿಂಗಿಗೆ ಟರ್ಬೋ ಯಾಕೆ? ಹಿಂದೆ ಬಿಸಿ ಕಡಿಮೆ ಮಾಡಲು ಪ್ರೊಸೆಸರಿನ ವೋಲ್ಟೇಜ್ ಇಳಿಸುವ ಉಪಾಯ ಇತ್ತು, 2019ರ ಕೊನೆಗೆ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಿದ್ದ ಮೇಲೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಬೀಗ ಬಿದ್ದಿದೆ.

ಏನೂ ಕೆಲಸ ಮಾಡದೆ ಇರುವಾಗಲೂ ಫ್ಯಾನ್ ಕೂಗಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕಾಲಮ್ ಒತ್ತಿ ಯಾರು ತಿನ್ನುತ್ತಿದ್ದಾರೆ ಎಂದು ನೋಡಿ. ನಮ್ಮ ಆಫೀಸ್ ರೂಮಿನ ಪಿಸಿಯಲ್ಲಿ ಎರಡು ಆಂಟಿವೈರಸ್ ಹಾಕಿದ್ದರು ಪುಣ್ಯಾತ್ಮರು.

ಶಾಲೆಯಲ್ಲಿ ನಮ್ಮ ತೊಂದರೆ ಸೆಕೆಗಿಂತ ರಜೆ. ಏಪ್ರಿಲ್, ಮೇ ಎರಡು ತಿಂಗಳು ಲ್ಯಾಬ್‌ಗೆ ಬೀಗ. ಜೂನ್‌ನಲ್ಲಿ ಶಾಲೆ ಮತ್ತು ಮಳೆ ಒಟ್ಟಿಗೆ ಶುರು. ಧೂಳು ತೇವ ಹೀರಿ ಗಟ್ಟಿಯಾಗಿ ಫ್ಯಾನ್ ಹಿಡಿದುಕೊಳ್ಳುತ್ತದೆ, ಆನ್ ಮಾಡಿದರೆ "ಸಿಪಿಯು ಫ್ಯಾನ್ ಎರರ್". ಈಗ ರಜೆಯಲ್ಲೂ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಎಲ್ಲ ಆನ್ ಮಾಡಿ ಇಡುತ್ತೇನೆ. ಹೆಂಡತಿ ಕೇಳುತ್ತಾಳೆ, ಅವುಗಳಿಗೆ ನೀರು ಹಾಕಲು ಹೋಗುವುದಾ ಎಂದು.

ಹಳೇ ಅಥ್ಲಾನ್ · 5:20

ನಮ್ಮಲ್ಲಿ ಸಮುದ್ರದ ಗಾಳಿ. ಹಳೆಯ ಕೂಲರಿನ ಅಲ್ಯೂಮಿನಿಯಮ್ ರೆಕ್ಕೆಗಳ ಮೇಲೆ ಬಿಳಿ ಪುಡಿ, ಸ್ಕ್ರೂಗಳಿಗೆ ತುಕ್ಕು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವಾಗ ಅದರ ಮೇಲೆ ಮುರಕಲ್ಲಿನ ಕೆಂಪು ಧೂಳು ಬೇರೆ. ಕಿಟಕಿ ಕಡೆ ಮುಖ ಮಾಡಿದ್ದ ಕ್ಯಾಬಿನೆಟನ್ನು ಗೋಡೆ ಕಡೆಗೆ ತಿರುಗಿಸಿದೆ, ಹಿಂದೆ ಒಂದು ಗೇಣು ಜಾಗ ಬಿಟ್ಟೆ. ಕಡಿಮೆ ಆಗಿದೆ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಓಡಿಸುತ್ತೇನೆ, ಬೆಚ್ಚಗೆ ಇದ್ದರೆ ತೇವ ಕೂರುವುದಿಲ್ಲ. ಎಸ್‌ಎಮ್‌ಪಿಎಸ್‌ನ (ಪಿಸಿಗೆ ಕರೆಂಟು ಕೊಡುವ ಡಬ್ಬಿ) ಒಳಗೆ ಹಲ್ಲಿ ಸತ್ತ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಬದಿಯಡ್ಕ ಸ್ಟುಡಿಯೋ · ಬುಧವಾರ ಮಧ್ಯಾಹ್ನ 2:10

ಕುಂಬಳೆ ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಎಡಗಡೆ ಮೇಲಿನ ಪಿನ್ನು ಎದ್ದಿತ್ತು! ಕೂಲರ್ ತೆಗೆದಾಗ ಪೇಸ್ಟ್‌ನ ಗುರುತು ಅರ್ಧ ಮಾತ್ರ ಇತ್ತು, ಉಳಿದರ್ಧ ಒಣಗಿ ಬಿರುಕು ಬಿಟ್ಟ ಗದ್ದೆ. ಹೊಸ ಪೇಸ್ಟ್ ಹಾಕಿ ಕೂರಿಸಿದೆ. ಒಂದು ಪಿನ್ನಿನ ಟಕ್ ಬರಲಿಕ್ಕೆ ಕಾಲು ಗಂಟೆ ಗುದ್ದಾಡಿದೆ, ಬೋರ್ಡ್ ಮುರಿಯಿತೇನೋ ಎಂದು ಕೈ ನಡುಗಿತು.

ಈಗ ಸುಮ್ನೆ ಇರುವಾಗ 44, ರೆಂಡರ್‌ನಲ್ಲಿ 76 ದಾಟಲಿಲ್ಲ. ವೇಗ 4.0 ಗಿಗಾಹರ್ಟ್ಸ್‌ನಲ್ಲಿ ನಿಂತಿದೆ. ಒಂದು ಗಂಟೆಯ ವಿಡಿಯೋ 52 ನಿಮಿಷಕ್ಕೆ ಮುಗಿಯಿತು. ಖರ್ಚು ಪೇಸ್ಟ್‌ಗೆ 350 ರೂಪಾಯಿ.

ಬದಿಯಡ್ಕ ಸ್ಟುಡಿಯೋ · ಬುಧವಾರ ಸಂಜೆ 7:25

ಮತ್ತೆ ಆಫ್ ಆಯಿತು. ಪಟ್ ಅಂತ. ಕೂತು ಅಳುವುದೊಂದು ಬಾಕಿ.

ಕುಂಬಳೆ ರಿಪೇರಿ · 7:40

ಅಳಬೇಡಿ, ನಾನು ಮೊದಲೇ ಹೇಳಿದ್ದೆನಲ್ಲ. ಈಗ ಎಚ್‌ಡಬ್ಲ್ಯುಇನ್ಫೋದ ಕೆಳಗೆ ಲಾಗ್ ಬರೆಯುವ ಬಟನ್ ಉಂಟು, ಅದನ್ನು ಒತ್ತಿ ರೆಂಡರ್‌ಗೆ ಇಡಿ. ಎರಡೆರಡು ಸೆಕೆಂಡಿಗೆ ಒಂದು ಸಾಲು ಬರೆಯುತ್ತಾ ಹೋಗುತ್ತದೆ. ಆಫ್ ಆದ ಮೇಲೆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಕೊನೆಯ ಸಾಲು ನೋಡಿ. ಬಿಸಿಯಿಂದ ಸತ್ತಿದ್ದರೆ ಕೊನೆಯ ಸಾಲುಗಳಲ್ಲಿ ಬಿಸಿ ಕಾಣಬೇಕು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಬರುತ್ತದೆ, ಅದನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದು ಮಾತ್ರ ಅದು ಹೇಳುವುದು, ಯಾಕೆ ಎಂದು ಹೇಳುವುದಿಲ್ಲ.

ಬದಿಯಡ್ಕ ಸ್ಟುಡಿಯೋ · ಗುರುವಾರ ರಾತ್ರಿ 8:02

ಲಾಗ್ ಸಿಕ್ಕಿತು. ಕೊನೆಯ ಸಾಲು ಸಂಜೆ 6:51. ಪ್ರೊಸೆಸರ್ 74 ಡಿಗ್ರಿ. ಅದರ ಹಿಂದಿನ ಹತ್ತು ನಿಮಿಷವೂ 73, 74, 75. ಅಂದರೆ ಬಿಸಿಯೇ ಅಲ್ಲ?

ಕುಂಬಳೆ ರಿಪೇರಿ · 8:10

ಅಲ್ಲ. ಯುಪಿಎಸ್ ಎಷ್ಟರದ್ದು, ಯಾವಾಗ ತೆಗೆದದ್ದು, ಅದಕ್ಕೆ ಏನೇನು ಸಿಕ್ಕಿಸಿದ್ದೀರಿ? ಸುಳ್ಳು ಹೇಳಬೇಡಿ.

ಬದಿಯಡ್ಕ ಸ್ಟುಡಿಯೋ · 8:31

600 ವಿಎ, ಪಿಸಿ ಜೊತೆಯಲ್ಲೇ ತೆಗೆದದ್ದು, ಬ್ಯಾಟರಿ ಬದಲಾಯಿಸಿಲ್ಲ. ಪಿಸಿ, ಎರಡು ಮಾನಿಟರ್, ಹಾರ್ಡ್‌ಡಿಸ್ಕ್... ಮತ್ತೆ ಲೇಸರ್ ಪ್ರಿಂಟರ್. ಹೊಸ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಕಡಿಮೆ ಆಯಿತು. ಸಂಜೆ ನಾನು ರೆಂಡರ್‌ಗೆ ಇಟ್ಟು ಚಹಾ ಕುಡಿಯಲು ಹೋಗುತ್ತೇನೆ, ಆಗ ಭಾವ ಬಂದು ಬ್ರಹ್ಮಕಲಶದ ನೋಟೀಸು ಪ್ರಿಂಟ್ ಹಾಕುತ್ತಾನೆ.

ಈಗಷ್ಟೇ ಅವನಿಗೆ ಫೋನ್ ಮಾಡಿದೆ. "ಹೌದು ಭಾವ, ಪ್ರಿಂಟ್ ಕೊಟ್ಟ ಕೂಡಲೇ ಆಫ್ ಆಗುತ್ತದೆ, ನಿಮ್ಮ ಪಿಸಿ ಸರಿ ಇಲ್ಲ" ಎಂದ.

ಹಳೇ ಅಥ್ಲಾನ್ · 8:34

😂😂

ಕುಂಬಳೆ ರಿಪೇರಿ · 8:45

600 ವಿಎ ಎಂದರೆ ಸುಮಾರು 360 ವಾಟ್. ಲೇಸರ್ ಪ್ರಿಂಟರ್ ಕಾಗದಕ್ಕೆ ಶಾಯಿ ಪುಡಿ ಅಂಟಿಸಲು ಒಳಗೆ ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯಿಸುತ್ತದೆ, ಆ ಗಳಿಗೆಯಲ್ಲಿ ಅದೊಂದೇ ಯುಪಿಎಸ್‌ನ ಮಿತಿ ಮೀರಿ ಎಳೆಯುತ್ತದೆ. ಸಂಜೆ ವೋಲ್ಟೇಜ್ ಇಳಿದಿರುತ್ತದೆ, ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿಗೆ ವಯಸ್ಸಾಗಿದೆ, ಮುಗಿಯಿತು. ಪ್ರಿಂಟರನ್ನು ನೇರ ಗೋಡೆಯ ಪ್ಲಗ್‌ಗೆ ಹಾಕಿ. ಯುಪಿಎಸ್‌ಗೆ 12 ವೋಲ್ಟ್ 7 ಎಎಚ್ ಬ್ಯಾಟರಿ ಹೊಸದು ಹಾಕಿ. ಮದರ್‌ಬೋರ್ಡ್ ಹಾಗೇ ಇರಲಿ.

ಪೆರ್ಲದ ತೋಟದಿಂದ · ಶನಿವಾರ ಬೆಳಿಗ್ಗೆ 10:20

ಲ್ಯಾಪ್‌ಟಾಪ್ ಬಿಚ್ಚಿಸಿದೆ. ಜಾಲರಿಯಿಂದ ಬಂದದ್ದನ್ನು ಮಾವನಿಗೆ ತೋರಿಸಿದೆ, "ಇದು ನಮ್ಮದೇ ತೋಟದ್ದು" ಎಂದು ಗುರುತು ಹಿಡಿದರು. ಮೀಟಿಂಗ್‌ನಲ್ಲಿ 92 ಇದ್ದದ್ದು ಈಗ 71. ಬ್ಯಾಟರಿ ಊದಿಲ್ಲ. ಮಣೆಯ ಮೇಲೇ ಇಟ್ಟಿದ್ದೇನೆ, ಆದರೆ ಅದು ತೆಂಗಿನಕಾಯಿ ತುರಿಯುವ ಮಣೆ ಅಲ್ಲ ಎಂದು ಅತ್ತೆಗೆ ಖಾತ್ರಿ ಮಾಡಬೇಕಾಯಿತು.

ಬದಿಯಡ್ಕ ಸ್ಟುಡಿಯೋ · ಶನಿವಾರ ರಾತ್ರಿ 9:55

ಎರಡು ದಿನ ಆಯಿತು, ಒಮ್ಮೆಯೂ ಆಫ್ ಆಗಲಿಲ್ಲ. ನಿನ್ನೆ ಸಂಜೆ ಕರೆಂಟು ಹೋದಾಗಲೂ ಹೊಸ ಬ್ಯಾಟರಿ ಹನ್ನೊಂದು ನಿಮಿಷ ಹಿಡಿಯಿತು, ರೆಂಡರ್ ನಿಲ್ಲಿಸಿ ಸೇವ್ ಮಾಡಿಕೊಂಡೆ. ಎಲ್ಲ ಸೇರಿ 1,400 ರೂಪಾಯಿ ಒಳಗೆ. ಮೂರು ಮದುವೆ ಕೊಟ್ಟು ಮುಗಿಸಿದೆ. ಪ್ರಿಂಟರನ್ನು ಬಾಗಿಲ ಹತ್ತಿರದ ಪ್ಲಗ್‌ಗೆ ಹಾಕಿದ್ದೇನೆ, ವಯರ್ ದಾರಿಗೆ ಅಡ್ಡ ಬರುತ್ತದೆ ಎಂದು ಭಾವನ ತಕರಾರು. ಅವನಿಗೆ ಇನ್ನೂ ಎರಡು ಸಾವಿರ ನೋಟೀಸು ಬಾಕಿ ಉಂಟು.